ದರ್ಜಿ ಓಣಿಯ ಅರವತ್ತಮೂರು ಮೆಟ್ಟಿಲು

ಕವನಾ ಕೂತ ಜಾಗದಲ್ಲೇ ಊರೂರು ನಡೆಯುವವಳು. ಅವಳಿಗೆ ಸಂಬಳ ಕೊಡುತ್ತಿದ್ದದ್ದೇ ಅದಕ್ಕೆ. ಸಿಯಾಟಲ್‌ನ ಸೌತ್ ಲೇಕ್ ಯೂನಿಯನ್‌ನಲ್ಲಿ, ಫೋನಿನಲ್ಲಿ ದಾರಿ ತೋರಿಸುವ ಮ್ಯಾಪು ಮಾಡುವ ಒಂದು ಕಂಪನಿಯ ಆರನೇ ಮಹಡಿಯಲ್ಲಿ ಅವಳ ಮೇಜು. ಕಾರಿನ ದಾರಿ ನೋಡಿಕೊಳ್ಳುವವರು ಬೇರೆ, ಬಸ್ಸು ರೈಲಿನವರು ಬೇರೆ. ಕವನಾಳ ಪಾಲಿಗೆ ಬಂದದ್ದು ಕಾಲ್ನಡಿಗೆ, ಅದರಲ್ಲೂ ಯುರೋಪಿನ ಹಳೇ ಪೇಟೆಗಳ ಕಾಲ್ನಡಿಗೆ. ಎರಡು ವರ್ಷದ ಹಿಂದೆ ಅವಳ ತಂಡ ‘ಮೆಟ್ಟಿಲಿಲ್ಲದ ದಾರಿ’ ಅನ್ನುವ ಹೊಸ ಸೌಲಭ್ಯ ತಂದಿತ್ತು. ಮಂಡಿನೋವಿನವರು, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡವರು, ಗಾಲಿಕುರ್ಚಿಯವರು ಒಂದು ಗುಂಡಿ ಒತ್ತಿದರೆ ಸಾಕು, ಒಂದೂ ಮೆಟ್ಟಿಲು ಹತ್ತದೆ ಊರು ನೋಡುವುದು ಹೇಗೆಂದು ಫೋನು ಹೇಳುತ್ತಿತ್ತು. ಸ್ಪೇನಿನ ತೊಲೆದೊ ಊರಿನ ಹಳೇ ಪೇಟೆಯನ್ನು ಕವನಾ ಮೂರೇ ವಾರದಲ್ಲಿ ಮುಗಿಸಿದ್ದಳು. ಆ ವರ್ಷ ಅವಳಿಗೆ ಬಡ್ತಿಯೂ ಆಯಿತು.

ಹಾಗಂತ ಅವಳಿಗೆ ನಡೆಯುವ ಅಭ್ಯಾಸವೇನೂ ಇರಲಿಲ್ಲ. ಬಾಥೆಲ್‌ನ ನಾರ್ತ್ ಕ್ರೀಕ್‌ನಲ್ಲಿ ಮನೆ. ಅಲ್ಲಿಂದ ಬಸ್ ಸ್ಟಾಪಿಗೆ ಕಾರು. ಬಸ್ಸಿಳಿದ ಮೇಲೆ ಆಫೀಸಿಗೆ ಆರು ನಿಮಿಷದ ನಡಿಗೆ, ಮೋಡ ಕವಿದಿದ್ದರೆ ಅದಕ್ಕೂ ಸ್ಟ್ರೀಟ್‌ಕಾರ್ ಎಂಬ ಟ್ರಾಮು. ಸಿಯಾಟಲ್‌ನಲ್ಲಿ ಮೋಡ ಕವಿಯದ ದಿನ ಬೆರಳೆಣಿಕೆಯವು.

ಮ್ಯಾಪಿನ ಮೇಲೆ ದೂರುಗಳು ಎಲ್ಲ ಭಾಷೆಗಳಲ್ಲೂ ಬರುತ್ತಿದ್ದವು. ಕಂಪನಿಯದೇ ಒಂದು ಅನುವಾದದ ಯಂತ್ರ ಅವನ್ನು ಇಂಗ್ಲಿಷಿಗೆ ತಿರುಗಿಸಿ, ಮೊದಲ ಸಾಲನ್ನು ಮಾತ್ರ ಅವಳ ಪರದೆಯ ಮೇಲೆ ತಂದು ನಿಲ್ಲಿಸುತ್ತಿತ್ತು. ದಿನಕ್ಕೆ ಸುಮಾರು ನಾನೂರು ಸಾಲು. ಅದರಲ್ಲಿ ತೊಲೆದೊದ ಒಂದು ಓಣಿಯ ದೂರು ಅವಳಿಗೆ ಚೆನ್ನಾಗಿ ನೆನಪಿತ್ತು, ಯಾಕೆಂದರೆ ಅದು ಒಂದೆರಡು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿತ್ತು. “ನನ್ನ ಬೀದಿಯಲ್ಲಿ ಒಂದು ಏಣಿ ಇದೆ.” ಗೋಡೆಗೆ ಬಣ್ಣ ಬಳಿಯಲು ಯಾರೋ ಏಣಿ ನಿಲ್ಲಿಸಿರಬೇಕು ಅಂದುಕೊಂಡು ಕವನಾ, ತಾತ್ಕಾಲಿಕ ಅಡ್ಡಿ, ಕ್ರಮ ಬೇಕಿಲ್ಲ ಅನ್ನುವ ಸಿದ್ಧ ಉತ್ತರ ಒತ್ತಿ ಮುಚ್ಚುತ್ತಿದ್ದಳು. ಒಂದು ಏಣಿ ತೆಗೆಯುವುದಕ್ಕೆ ಒಂದು ವರ್ಷ ಬೇಕಾ ಅಂತ ಒಮ್ಮೆ ಊಟದ ಹೊತ್ತಿನಲ್ಲಿ ಪಕ್ಕದ ಮೇಜಿನವರ ಹತ್ತಿರ ಹೇಳಿದಳು. ಅಲ್ಲಿಯ ಜನ ಕೆಲಸದಲ್ಲಿ ನಿಧಾನ ಅಂತ ಎಲ್ಲರೂ ಒಪ್ಪಿಕೊಂಡು ನಕ್ಕರು.

ಈ ವರ್ಷ ಮೇ ತಿಂಗಳಲ್ಲಿ ಅವಳ ಗಂಡ ಅಭಿಲಾಷ್‌ಗೆ ಮ್ಯಾಡ್ರಿಡ್‌ನಲ್ಲಿ ನಾಲ್ಕು ದಿನದ ಕಾನ್ಫರೆನ್ಸ್ ಬಂತು. ಅವನದು ಆಸ್ಪತ್ರೆಯ ಸ್ಕ್ಯಾನ್ ಮಷೀನುಗಳ ಕೆಲಸ. ಅವನ ತಾಯಿ ದೇವೀರಮ್ಮ ಮದ್ದೂರಿನಿಂದ ಬಂದು ಆಗಲೇ ನಾಲ್ಕು ತಿಂಗಳಾಗಿತ್ತು. ಕವನಾಳ ಮಗಳು ಹಾಸ್ಟೆಲಿನಲ್ಲಿದ್ದಳು. ಅಮ್ಮನನ್ನು ಒಬ್ಬರನ್ನೇ ಮನೆಯಲ್ಲಿ ಬಿಡುವುದು ಹೇಗೆ ಅಂತ, ಊರಿನಲ್ಲೇ ಸ್ಪೇನಿನ ವೀಸಾವನ್ನೂ ಮಾಡಿಸಿಕೊಂಡು ಬಂದಿದ್ದ ಅವರನ್ನೂ ಕರೆದುಕೊಂಡು ಮೂವರೂ ಹೊರಟರು. ದೇವೀರಮ್ಮನಿಗೆ ಎಪ್ಪತ್ತೊಂದು. ತಾಲ್ಲೂಕು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಹೊರರೋಗಿಗಳ ಚೀಟಿ ಬರೆದವರು. ದನಿ ಈಗಲೂ ಹಾಗೇ ಇತ್ತು, ಮಂಡಿ ಮಾತ್ರ ಕೈಕೊಟ್ಟಿತ್ತು.

ಕಾನ್ಫರೆನ್ಸ್ ಮುಗಿದ ಮಾರನೇ ದಿನ ಶನಿವಾರ. ಮ್ಯಾಡ್ರಿಡ್‌ನಿಂದ ತೊಲೆದೊಗೆ ರೈಲಿನಲ್ಲಿ ಅರ್ಧ ಗಂಟೆಯಷ್ಟೇ.

“ಸ್ಟೇಷನ್ನಿಂದ ಟ್ಯಾಕ್ಸಿ ತಗೊಂಡ್ಬಿಡೋಣ,” ಅಂದ ಅಭಿಲಾಷ್. “ಅಮ್ಮನಿಗೆ ಮಂಡಿ ಬೇರೆ.”

“ಅಭಿ, ಆ ಊರನ್ನ ನಾನು ಮಾಡಿದೀನಿ,” ಅಂದಳು ಕವನಾ. ಊರನ್ನು ಕಟ್ಟಿದ ರಾಜರು ಕೂಡ ಅಷ್ಟು ನಿಶ್ಚಿಂತೆಯಿಂದ ಆ ಮಾತು ಆಡಿರಲಾರರು. “ನಡೆದು ನೋಡೋ ಊರಿಗೆ ಯಾರಾದ್ರೂ ಟ್ಯಾಕ್ಸಿ ತಗೋತಾರಾ? ಅತ್ತೆ, ನಿಮಗೆ ಒಂದು ಮೆಟ್ಲೂ ಹತ್ತಿಸಲ್ಲ. ನನ್ನ ಜವಾಬ್ದಾರಿ.”

“ನೀನ್ ಹೇಳುದ್ಮೇಲೆ ಆಯ್ತು ಬುಡವ್ವ,” ಅಂದರು ದೇವೀರಮ್ಮ.

ರೈಲಿಳಿದು, ತಾಹೊ ನದಿಯ ಹಳೇ ಕಲ್ಲಿನ ಸೇತುವೆಯ ಮೇಲೆ ನಿಂತಾಗ ಊರು ಪೂರ್ತಿ ಎದುರಿಗೆ ಕಂಡಿತು. ಬಂಡೆಯ ಗುಡ್ಡ, ಗುಡ್ಡದ ಸುತ್ತ ಕೋಟೆ ಗೋಡೆ, ಗೋಡೆಯೊಳಗೆ ಒಂದರ ಹೆಗಲ ಮೇಲೆ ಒಂದು ಹತ್ತಿ ಕೂತಂಥ ಕಂದು ಮನೆಗಳು, ಎಲ್ಲಕ್ಕಿಂತ ಮೇಲೆ ನಾಲ್ಕು ಗೋಪುರದ ಅರಮನೆ. ಕವನಾ ಫೋನು ನೋಡದೆಯೇ ಅದು ಇಂಥದ್ದು, ಇದು ಇಂಥದ್ದು ಅಂತ ಕೈ ತೋರಿಸಿ ಹೇಳಿದಳು. ದೇವೀರಮ್ಮ ಕೈಯನ್ನು ಹಣೆಗೆ ಮರೆಮಾಡಿ ನೋಡಿದರು.

“ಊರು ಅಲ್ ಮೇಲದೆ. ನಾವ್ ಇಲ್ ಕೆಳಗಿವಿ. ಮೆಟ್ಲಿಲ್ದೆ ಹೆಂಗ್ ಹೋಗದು, ಕವನ?”

“ಇಳಿಜಾರು ರಸ್ತೆ ಅತ್ತೆ. ನಿಧಾನಕ್ಕೆ ಏರತ್ತೆ, ನಿಮಗೆ ಗೊತ್ತೇ ಆಗಲ್ಲ.”

ಅವರ ಜೊತೆ ರೈಲಿಳಿದವರು ಗುಂಪುಗುಂಪಾಗಿ ಇನ್ನೊಂದು ಕಡೆಗೆ ಹೋಗುತ್ತಿದ್ದರು. ಗುಡ್ಡ ಹತ್ತಲು ನಗರದವರು ಹಾಕಿಸಿದ ಎಸ್ಕಲೇಟರ್ ಆ ಕಡೆ ಇತ್ತು. ಅಭಿಲಾಷ್ ಬೋರ್ಡು ತೋರಿಸಿದ.

“ಎಸ್ಕಲೇಟರ್ ಅಂದ್ರೂ ಮೆಟ್ಟಿಲೇ ಅಭಿ. ಓಡೋ ಮೆಟ್ಟಿಲು,” ಅಂದು ಕವನಾ ಗುಂಡಿ ಒತ್ತಿದಳು. ಫೋನು ‘ಎಡಕ್ಕೆ ತಿರುಗಿ’ ಅಂದಿತು.

ಹತ್ತು ನಿಮಿಷ ಎಲ್ಲವೂ ಅವಳು ಹೇಳಿದಂತೆಯೇ ಇತ್ತು. ಕೋಟೆ ಬಾಗಿಲು ದಾಟಿದರು. ರಸ್ತೆ ನಯವಾಗಿ ಏರುತ್ತಿತ್ತು. ದೇವೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಕ್ಕದ ಕಿಟಕಿಗಳಲ್ಲಿ ಒಣಗಲು ಹಾಕಿದ ಬಟ್ಟೆ ನೋಡುತ್ತ ಆರಾಮವಾಗಿ ಬಂದರು. ಆಮೇಲೆ ಫೋನು ಒಂದು ಓಣಿಯೊಳಕ್ಕೆ ಕಳಿಸಿತು. ಮೂಲೆಯ ಗೋಡೆಯಲ್ಲಿ ಹೆಂಚಿನ ಫಲಕ. ಕಾಯೆಹೋನ್ ದೆಲ್ ಸಾಸ್ತ್ರೆ ಎಂದು ಕವನಾ ಓದಿ ಹೇಳಿದಳು.

“ಶಾಸ್ತ್ರಿ ಓಣಿಯಾ? ಇಲ್ಲೂ ಶಾಸ್ತ್ರಿಗಳಿದ್ರಾ?”

“ಸಾಸ್ತ್ರೆ ಅಂದ್ರೆ ದರ್ಜಿ ಅತ್ತೆ. ದರ್ಜಿ ಓಣಿ.”

ದರ್ಜಿ ಬಟ್ಟೆ ಉಳಿಸಲು ಹೋಗಿ ಬಿಗಿ ಹೊಲಿದುಬಿಟ್ಟಂತಿತ್ತು ಓಣಿ. ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ಮೇಲೆ ಆಕಾಶ ಒಂದು ಪಟ್ಟಿಯಷ್ಟೇ. ನೇರವಾಗಿ ನೂರ ಹತ್ತು ಮೀಟರ್ ನಡೆಯಿರಿ ಅಂದಿತು ಫೋನು. ಮೂವತ್ತು ಮೀಟರ್ ನಡೆದು ಗೋಡೆಯ ಮೂಲೆ ತಿರುಗಿದರು. ಎದುರಿಗೆ ಮೆಟ್ಟಿಲು. ಒಂದಲ್ಲ, ಎರಡಲ್ಲ. ಕಲ್ಲಿನವು, ನಡುಭಾಗ ಸವೆದು ಬೋಗುಣಿಯಂತಾಗಿದ್ದವು. ಮೇಲೆ ಮತ್ತೆ ತಿರುಗಿ ಕಾಣದೆ ಹೋಗುತ್ತಿದ್ದವು.

ಕವನಾ ಫೋನು ನೋಡಿದಳು. ನೀಲಿ ಚುಕ್ಕೆ ದಾರಿಯ ಗೆರೆಯ ಮೇಲೇ ಕರಾರುವಾಕ್ಕಾಗಿ ನಿಂತಿತ್ತು. ಮ್ಯಾಪಿನ ಪ್ರಕಾರ ಅವಳು ನಿಂತಿದ್ದ ಜಾಗ ಸರಿಯಾಗಿಯೇ ಇತ್ತು. ಮೆಟ್ಟಿಲು ಅಲ್ಲಿ ಇರಬಾರದಿತ್ತು, ಅಷ್ಟೆ. ಫೋನನ್ನು ಒಮ್ಮೆ ಆರಿಸಿ ಮತ್ತೆ ಹಾಕಿದಳು. ಮೆಟ್ಟಿಲು ಹೋಗಲಿಲ್ಲ.

“ವಾಪಸ್ ಹೋಗೋಣ್ವಾ?” ಅಂದ ಅಭಿಲಾಷ್. ಅವನ ಮುಖದಲ್ಲಿ ಟ್ಯಾಕ್ಸಿಯ ಸುದ್ದಿ ಇತ್ತು, ಬಾಯಲ್ಲಿ ಮಾತ್ರ ಬರಲಿಲ್ಲ.

“ಮತ್ತೆ ಅಷ್ಟ್ ದೂರ ಯಾರ್ ಇಳೀತರೆ? ವಸಿ ವಸಿ ಹತ್ತಾನ ಬುಡು,” ಅಂದು ದೇವೀರಮ್ಮ ಗೋಡೆ ಹಿಡಿದರು.

ಎಂಟು ಹತ್ತುವುದು, ನಿಲ್ಲುವುದು, ‘ಇನ್ನೆಷ್ಟವೆ ಕವನ’ ಅಂತ ದೇವೀರಮ್ಮ ಕೂಗುವುದು. ಕವನಾ ಒಂದು ತೋಳು, ಅಭಿಲಾಷ್ ಒಂದು ತೋಳು. ಯಾರದೋ ಅಡುಗೆಮನೆಯಿಂದ ಎಣ್ಣೆಯಲ್ಲಿ ಬೆಳ್ಳುಳ್ಳಿ ಹುರಿಯುವ ವಾಸನೆ. ಅವರ ಹಿಂದೆಯೇ ಇಬ್ಬರು ಗಂಡಹೆಂಡಿರು ತಳ್ಳುಗಾಡಿಯನ್ನು ಮಗುವಿನ ಸಮೇತ ಎತ್ತಿಕೊಂಡು ಬಂದರು. ಗಂಡನ ಜೇಬಿನಲ್ಲಿದ್ದ ಫೋನು ಯಾವುದೋ ಭಾಷೆಯಲ್ಲಿ ಮಾತಾಡುತ್ತಿತ್ತು. ಭಾಷೆ ತಿಳಿಯದಿದ್ದರೂ ಆ ದನಿ ಕವನಾಳಿಗೆ ಗೊತ್ತಿತ್ತು, ಅದನ್ನು ಆರಿಸಿದ ಸಮಿತಿಯಲ್ಲಿ ಅವಳೂ ಇದ್ದಳು. ಅವಳು ಗೋಡೆಗೆ ಒತ್ತಿಕೊಂಡು ಅವರಿಗೆ ದಾರಿ ಬಿಟ್ಟಳು.

ಮೆಟ್ಟಿಲು ಮುಗಿದಲ್ಲಿ ಒಂದು ಹಸಿರು ಬಾಗಿಲು, ಬಾಗಿಲ ಪಕ್ಕ ಒಂದು ಮರದ ಕುರ್ಚಿ. ಮೇಲೆ ಕೈಬರಹದ ರಟ್ಟು ನೇತು ಹಾಕಿತ್ತು. ನಾಲ್ಕು ಭಾಷೆಗಳಲ್ಲಿ ಒಂದೇ ಮಾತು. ‘ನಿಮ್ಮ ಫೋನು ಸುಳ್ಳು ಹೇಳಿತು. ಕುಳಿತುಕೊಳ್ಳಿ.’ ದೇವೀರಮ್ಮ ಓದದೆಯೇ ಕೂತರು.

ಬಾಗಿಲು ತೆರೆದು ಒಬ್ಬ ಮುದುಕ ಗಾಜಿನ ಹೂಜಿ, ಲೋಟ ಹಿಡಿದು ಬಂದ. ಎಪ್ಪತ್ತೈದರ ಮೇಲಿನ ವಯಸ್ಸು, ನೀಟಾಗಿ ಬಾಚಿದ ಬಿಳಿ ಕೂದಲು. ಮೊದಲು ದೇವೀರಮ್ಮನಿಗೆ ನೀರು ಕೊಟ್ಟು, ಆಮೇಲೆ ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಅಂದ. “ಈ ಬೆಳಿಗ್ಗೆ ನೀವು ಹನ್ನೊಂದನೇ ಗುಂಪು. ಎರಡು ಗಾಲಿಕುರ್ಚಿ ಕೆಳಗಿನಿಂದಲೇ ವಾಪಸ್ ಹೋದವು.”

ಅವನ ಹೆಸರು ಅನ್ಸೆಲ್ಮೊ. ಜಮೀನು ಅಳೆಯುವ ಸರ್ವೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಒಬ್ಬನೇ ಇರುವವನು. ಎರಡು ವರ್ಷದಿಂದ ಊರು ನೋಡಲು ಬಂದವರೆಲ್ಲ ಅವನ ಬಾಗಿಲಿಗೇ ಬಂದು ಏದುಸಿರು ಬಿಡುತ್ತಿದ್ದರು. ಗಾಲಿಯ ಸೂಟ್‌ಕೇಸು ಎಳೆದುಕೊಂಡು ಬಂದರೆ ಅರವತ್ತಮೂರು ಸಲ ಟಕ್ ಅನ್ನುತ್ತಿತ್ತು. ಅವನು ಎಣಿಸಿದ್ದ. ಹೇಳುತ್ತ ಹೇಳುತ್ತ ಒಳಗೆ ಹೋಗಿ ಒಂದು ಫೈಲು ತಂದ. ಆ ಮ್ಯಾಪಿನ ಕಂಪನಿಗೆ ಬರೆದ ಹದಿನಾಲ್ಕು ದೂರು, ಉತ್ತರ ಬಂದವುಗಳ ಹಿಂದೆ ಪ್ರಿಂಟು ಮಾಡಿ ಲಗತ್ತಿಸಿದ ಉತ್ತರ.

“ನಮ್ಮ ಭಾಷೆಯಲ್ಲಿ ಎಸ್ಕಲೇರಾ ಅಂದರೆ ಮೆಟ್ಟಿಲು,” ಅಂದ. “ಏಣಿಗೂ ಅದೇ ಮಾತು. ಅಲ್ಲಿ ಯಾರೋ ಏಣಿ ಅಂತ ಓದಿದ್ದಾರೆ. ತಾತ್ಕಾಲಿಕ ಅಡ್ಡಿ ಅಂತ ಉತ್ತರ ಬರೆದಿದ್ದಾರೆ. ನಮ್ಮ ಮುತ್ತಜ್ಜನ ಕಾಲದಲ್ಲೂ ಈ ತಾತ್ಕಾಲಿಕ ಅಡ್ಡಿ ಇಲ್ಲೇ ಇತ್ತು.”

ಕವನಾ ನೀರು ಕುಡಿಯುತ್ತಿದ್ದವಳು ಕುಡಿಯುತ್ತಲೇ ಇದ್ದಳು, ಲೋಟ ಖಾಲಿಯಾದ ಮೇಲೂ.

ಹನ್ನೊಂದು ದೂರು ಆದ ಮೇಲೆ, ತಪ್ಪು ಭಾಷೆಯದಿರಬೇಕು ಅಂತ ಅನ್ಸೆಲ್ಮೊಗೆ ಅನಿಸಿತಂತೆ. ವಯಸ್ಸಾದವರಿಗೆ ಪಾಠ ಹೇಳುವ ಒಂದು ತರಗತಿಗೆ ಸೇರಿ ಎಂಟು ತಿಂಗಳು ಇಂಗ್ಲಿಷ್ ಕಲಿತ. ಕೊನೆಯ ಮೂರು ದೂರು ಇಂಗ್ಲಿಷಿನಲ್ಲೇ ಬರೆದ. ಅವಕ್ಕೆ ಉತ್ತರವೇ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಅವನಿಗೆ ತಿಳಿದಿರಲಿಲ್ಲ. ಕವನಾಳಿಗೆ ತಿಳಿದಿತ್ತು. ಒಂದೇ ಜಾಗದಿಂದ ಹನ್ನೊಂದಕ್ಕಿಂತ ಹೆಚ್ಚು ಸಲ ಬರೆದವರನ್ನು ಕಾಟ ಕೊಡುವವರ ಪಟ್ಟಿಗೆ ಹಾಕಬೇಕು ಅನ್ನುವ ನಿಯಮ ಅವಳದೇ ಸಲಹೆ.

ಅಷ್ಟರಲ್ಲಿ ಅಭಿಲಾಷ್, ಒಳ್ಳೇ ಮನಸ್ಸಿನಿಂದಲೇ ಬಾಯಿ ಬಿಟ್ಟ. “ಸರ್, ನಿಮ್ಮ ಅದೃಷ್ಟ ನೋಡಿ. ನನ್ನ ಹೆಂಡತಿ ಅದೇ ಕಂಪನಿ. ನಡೆಯೋ ದಾರಿಯೆಲ್ಲ ನೋಡಿಕೊಳ್ಳೋದೇ ಇವಳು.”

ಅನ್ಸೆಲ್ಮೊ ಅವಳನ್ನು ನೋಡಿದ. ಎದ್ದು ಒಳಗೆ ಹೋದ.

“ಏನಕ್ಕೆ ಹೇಳ್ದೆ?” ಅಂದಳು ಕವನಾ ಹಲ್ಲು ಕಚ್ಚಿ.

“ಸಹಾಯ ಆಗ್ಲಿ ಅಂತ.”

ಮುದುಕ ಹೊರಗೆ ಬಂದಾಗ ಕೋಟು ಹಾಕಿಕೊಂಡು ಟೈ ಕಟ್ಟಿಕೊಂಡಿದ್ದ. ಕೈಯಲ್ಲಿ ಅಳತೆಯ ಟೇಪು. ಅವನು ಬೈಯಲು ಬಂದಿರಲಿಲ್ಲ. ಎರಡು ವರ್ಷ ಕಾದ ಮೇಲೆ ಕಚೇರಿಯಿಂದ ಸ್ಥಳ ಪರಿಶೀಲನೆಗೆ ಅಧಿಕಾರಿ ಬಂದಿದ್ದರು, ಅದಕ್ಕೆ ತಕ್ಕ ಹಾಗೆ ಬಂದಿದ್ದ. ಟೇಪಿನ ಒಂದು ತುದಿಯನ್ನು ಕವನಾಳ ಕೈಗೆ ಕೊಟ್ಟ.

ಒಂದೊಂದೇ ಮೆಟ್ಟಿಲು. ಅವಳು ಬಗ್ಗಿ ತುದಿ ಹಿಡಿಯಬೇಕು, ಅವನು ಓದಿ ಬರೆದುಕೊಳ್ಳಬೇಕು. ಹದಿನೇಳು ಸೆಂಟಿಮೀಟರ್. ಹದಿನೆಂಟೂವರೆ. ಹದಿನಾರು. ಇಪ್ಪತ್ತನೇ ಮೆಟ್ಟಿಲಿಗೆ ಬಂದಾಗ ಕವನಾ, ಎಲ್ಲವನ್ನೂ ಅಳೆಯಲೇಬೇಕಾ ಅಂತ ಕೇಳಿದಳು.

“ನಿಮ್ಮವರು ಒಂದನ್ನೂ ಅಳೆದಿಲ್ಲ,” ಅಂದ ಅನ್ಸೆಲ್ಮೊ ಮರ್ಯಾದೆಯಿಂದ. “ಎಲ್ಲಿಂದಾದರೂ ಶುರು ಮಾಡಬೇಕಲ್ಲ.”

ಅಳತೆ ಮುಗಿಸಿ ಮೇಲೆ ಬರುವಷ್ಟರಲ್ಲಿ ಅಲ್ಲಿ ಒಬ್ಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ವಿಸೆಂತಾ ಅಂತ. ಮೆಟ್ಟಿಲ ಮೇಲಿನ ತಿರುವಿನಲ್ಲಿ ಅವಳ ಅಂಗಡಿ, ತಣ್ಣನೆ ನೀರು ಮತ್ತು ಬಾದಾಮಿ ಹಿಟ್ಟಿನ ಮಿಠಾಯಿ ಮಾರುತ್ತಿದ್ದಳು. ಅಧಿಕಾರಿ ಬಂದ ಸುದ್ದಿ ಅವಳಿಗೂ ಮುಟ್ಟಿತ್ತು. ಅವಳು ಆಡಿದ್ದರಲ್ಲಿ ಕವನಾಳಿಗೆ ಒಂದು ಪದವೂ ತಿಳಿಯಲಿಲ್ಲ, ವಿಷಯ ಮಾತ್ರ ಪೂರ್ತಿ ತಿಳಿಯಿತು. ಅನ್ಸೆಲ್ಮೊ ಟೇಪು ಅಲ್ಲಾಡಿಸಿ ಏನೋ ಅಂದ. ವಿಸೆಂತಾ ಹತ್ತರಷ್ಟು ಅಂದಳು.

“ಏನಂತೆ ಈ ಹೆಂಗ್ಸಿಗೆ?” ದೇವೀರಮ್ಮ ಕುರ್ಚಿಯಿಂದಲೇ ಕೇಳಿದರು.

“ಜನ ಹೀಗೇ ಬರ್ತಾ ಇರ್ಲಿ, ಸರಿ ಮಾಡಬೇಡಿ ಅಂತಿದಾಳೆ ಅತ್ತೆ. ಹತ್ತಿ ಸುಸ್ತಾದೋರು ಅವಳ ಹತ್ರ ನೀರು ತಗೋತಾರೆ.”

“ಇವ್ರು?”

“ಇವರಿಗೆ ಯಾರೂ ಬರೋದು ಬೇಡ.”

“ಯಾರೂ ಬರದ್ ಬ್ಯಾಡ ಅನ್ನೋರು ಬಾಗ್ಲಲ್ಲಿ ಕುರ್ಚಿ ಯಾಕ್ ಹಾಕವ್ರೆ?” ಅಂದರು ದೇವೀರಮ್ಮ.

ಅತ್ತೆಗೆ ಇಂಥ ವಿಷಯ ತಿಳಿಯುವುದಿಲ್ಲ ಅಂದುಕೊಂಡಳು ಕವನಾ.

ದೇವೀರಮ್ಮ ಮುಂದಕ್ಕೆ ಬರಲು ಒಪ್ಪಲಿಲ್ಲ. “ನೀವ್ ಹೋಗಿ ನೋಡ್ಕ ಬನ್ನಿ. ನಾನ್ ಇಲ್ಲೇ ಕುಂತಿರ್ತೀನಿ, ಗಾಳಿ ಚೆನ್ನಾಗದೆ.” ಮಗ, ಸೊಸೆ ಇಬ್ಬರೇ ಹೊರಟರು. ಕವನಾ ಫೋನನ್ನು ಚೀಲದ ತಳಕ್ಕೆ ಹಾಕಿದಳು.

ಆ ಎರಡು ಗಂಟೆ ಅವಳು ಹೇಗೆ ನಡೆದಳು ಅನ್ನುವುದನ್ನು ಅಭಿಲಾಷ್ ಈಗಲೂ ಸ್ನೇಹಿತರಿಗೆ ಮಾಡಿ ತೋರಿಸುತ್ತಾನೆ. ತಲೆ ತಗ್ಗಿಸಿ, ನೆಲ ನೋಡುತ್ತ, ಪ್ರತಿ ಹೊಸ್ತಿಲಿನ ಹತ್ತಿರ ನಿಂತು. ಕೆಥೆಡ್ರಲ್ ಬಂತು, ಕಲ್ಲಿನಲ್ಲಿ ಜಾಲರಿ ಹೆಣೆದಂಥ ಗೋಪುರ. ಅವಳು ಅದರ ಬಾಗಿಲ ಮುಂದಿನ ಮೂರು ಮೆಟ್ಟಿಲು ನೋಡುತ್ತಿದ್ದಳು. ಹಿಂದೆ ಯಹೂದಿಗಳು ಇದ್ದ ಕೇರಿ ಬಂತು, ನೆಲದ ಕಲ್ಲಿನ ನಡುವೆ ಅಂಗೈಗಿಂತ ಚಿಕ್ಕ ನೀಲಿ ಹೆಂಚು ಕೂರಿಸಿದ್ದರು. ಅದು ಮಾತ್ರ ಅವಳಿಗೆ ಕಂಡಿತು, ನೆಲದಲ್ಲಿತ್ತಲ್ಲ.

“ಸ್ವಲ್ಪ ಮೇಲೆ ನೋಡು ಕವನಾ.”

“ಮೇಲಿಂದ ದೂರು ಬರಲ್ಲ.”

ಅವಳು ಮೆಟ್ಟಿಲಿಲ್ಲ ಎಂದು ಬರೆದಿದ್ದ ಇನ್ನೂ ಎರಡು ಓಣಿಗಳಲ್ಲಿ ಮೆಟ್ಟಿಲು ಸಿಕ್ಕವು. ಮನೆಯಿಂದ ಮನೆಗೆ ಮೇಲೆ ಸೇತುವೆ ಹಾಕಿ ಕತ್ತಲು ಮಾಡಿದ್ದ ಒಂದು ಓಣಿ ಸಿಕ್ಕಿತು, ಅದು ಅವಳ ಮ್ಯಾಪಿನಲ್ಲಿ ಬಯಲು. ಮುಚ್ಚಿದ ಗೋಡೆ ಅಂತ ಗುರುತಿಸಿದ್ದ ಒಂದು ಕಡೆ ಗೋಡೆಯಲ್ಲಿ ಮರದ ತಿರುಗು ಪೆಟ್ಟಿಗೆ ಇತ್ತು. ಗಂಟೆ ಎಳೆದರೆ ಒಳಗಿನಿಂದ ಕಾಣದ ಸನ್ಯಾಸಿನಿಯೊಬ್ಬಳು ಪೆಟ್ಟಿಗೆ ತಿರುಗಿಸಿ ಮಿಠಾಯಿಯ ಡಬ್ಬ ಕಳಿಸುತ್ತಿದ್ದಳು. ಅಭಿಲಾಷ್ ಒಂದು ಡಬ್ಬ ತೆಗೆದುಕೊಂಡು, ನಿಂತಲ್ಲೇ ಎರಡು ತಿಂದ. ಕವನಾ ಆ ಗೋಡೆಯನ್ನು ಬಹಳ ಹೊತ್ತು ನೋಡಿದಳು. ಅದರ ಮುಂದಿನಿಂದ ಅವಳು ದಿನಕ್ಕೆ ಸಾವಿರ ಜನರನ್ನು ದಾಟಿಸಿದ್ದಳು. ಇಲ್ಲಿ ಒಬ್ಬರಿದ್ದಾರೆ ಅಂತ ಒಬ್ಬರಿಗೂ ಹೇಳಿರಲಿಲ್ಲ.

ಆಮೇಲೆ ದಾರಿ ತಪ್ಪಿತು. ಊರು ಮಾಡಿದವಳು ಜೊತೆಗಿದ್ದಾಳೆ ಅಂತ ಅಭಿಲಾಷನೂ ಫೋನು ತೆಗೆಯಲಿಲ್ಲ. ಕತ್ತಿ, ಗುರಾಣಿ ಮಾರುವ ಒಂದೇ ಅಂಗಡಿಯ ಮುಂದೆ ಮೂರು ಸಲ ಹಾದರು. ಮೂರನೇ ಸಲ ಅಂಗಡಿಯವನು ಎದ್ದು ನಿಂತು ನಮಸ್ಕಾರ ಮಾಡಿದ. ಕೊನೆಗೆ ದಾರಿ ತೋರಿಸಿದ್ದು ಒಂದು ದನಿ. ಎರಡು ಓಣಿಯಾಚೆಯಿಂದ ಕನ್ನಡದಲ್ಲಿ ಯಾರೋ ಗದರುತ್ತಿದ್ದರು.

“ಲೈನಾಗ್ ಬನ್ನಿ, ಲೈನಾಗೆ.”

ದರ್ಜಿ ಓಣಿಯ ತಲೆಯ ಮೇಲೆ ಒಂಬತ್ತು ಜನ ಸಾಲಾಗಿ ನಿಂತಿದ್ದರು. ಸೂಟ್‌ಕೇಸಿನವರು, ಮಂಡಿಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಅಜ್ಜಿ, ಎರಡು ಎಳೆ ಮಕ್ಕಳಿದ್ದ ಒಂದು ಸಂಸಾರ. ದೇವೀರಮ್ಮ ಕುರ್ಚಿಯಲ್ಲಿ ಕೂತು, ಒಬ್ಬೊಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿ ವಿಂಗಡಿಸುತ್ತಿದ್ದರು. ಕಾಲು ಗಟ್ಟಿ ಇದ್ದವರಿಗೆ ಮೇಲಿನ ದಾರಿ ತೋರಿಸುತ್ತಿದ್ದರು. ಮುಖ ಕೆಂಪಾದವರನ್ನು ವಿಸೆಂತಾಳ ಅಂಗಡಿಗೆ ಕಳಿಸುತ್ತಿದ್ದರು. ತೀರಾ ಸುಸ್ತಾದವರಿಗೆ ಅನ್ಸೆಲ್ಮೊ ಒಳಗಿನಿಂದ ತಂದಿಟ್ಟ ಇನ್ನೆರಡು ಕುರ್ಚಿ ಇದ್ದವು. ಅವನು ಹೂಜಿ ಹಿಡಿದು ಸಾಲಿನ ಉದ್ದಕ್ಕೂ ಓಡಾಡುತ್ತಿದ್ದ. ಟೈ ಸಡಿಲವಾಗಿತ್ತು. ವಿಸೆಂತಾ ಇಬ್ಬರಿಗೂ ಒಂದೊಂದು ತಟ್ಟೆಯಲ್ಲಿ ಮಿಠಾಯಿ ಇಟ್ಟು ಹೋಗಿದ್ದಳು.

“ಬಂದ್ರಾ? ಊರೆಲ್ಲ ನೋಡುದ್ರಾ?” ಅಂದರು ದೇವೀರಮ್ಮ. “ನಾನೂ ನೋಡ್ದೆ. ಎಲ್ರೂ ಇಲ್ಗೇ ಬತ್ತರೆ.”

ಹೊರಡುವ ಮುಂಚೆ ಅನ್ಸೆಲ್ಮೊ ಅಳತೆಯ ಹಾಳೆಯ ಎರಡು ಪ್ರತಿ ತಂದ. ದೂರು ಸ್ವೀಕರಿಸಲಾಗಿದೆ ಎಂದು ಒಂದರ ಮೇಲೆ ಬರೆದು ಸಹಿ ಹಾಕಿಕೊಡಬೇಕು ಅಂದ. ಕವನಾ ಪೆನ್ನು ಹಿಡಿದು ನಿಂತಳು. ಅವನ ಫೈಲಿನಲ್ಲಿದ್ದ ಹನ್ನೊಂದು ಉತ್ತರಗಳ ಕೆಳಗೂ ‘ವಂದನೆಗಳು, ಕವನಾ’ ಎಂದು ಅಚ್ಚಾಗಿತ್ತು. ಒಂದು ಗೀಟು ಎಳೆದು ಕೊಟ್ಟರೂ ನಡೆಯುತ್ತಿತ್ತು. ಅವಳು ಪೂರ್ತಿ ಹೆಸರು ಬಿಡಿಸಿ ಬರೆದಳು.

ಅವನು ಓದಿದ. ಮಡಚಿ ಫೈಲಿಗೆ ಇಟ್ಟ.

“ಅದು ನಾನೇ,” ಅಂದಳು ಕವನಾ.

“ಬೆಳಿಗ್ಗೆಯೇ ಗೊತ್ತಾಯಿತು,” ಅಂದ ಅನ್ಸೆಲ್ಮೊ. “ನಿಮ್ಮ ಅತ್ತೆ ನಿಮ್ಮ ಹೆಸರು ಹಿಡಿದು ಎಷ್ಟು ಸಲ ಕೂಗಿದರು. ಅದಕ್ಕೇ ಎಲ್ಲ ಮೆಟ್ಟಿಲೂ ಅಳೆಯೋಣ ಅಂದೆ.”

ವಿಸೆಂತಾ ಟ್ಯಾಕ್ಸಿಗೆ ಫೋನು ಮಾಡಿದಳು. ಅವಳ ಅಂಗಡಿಯ ಹಿಂದೆಯೇ ಮಟ್ಟಸವಾದ ರಸ್ತೆ ಇತ್ತು. ಸ್ಟೇಷನ್ನಿಗೆ ಎಂಟು ನಿಮಿಷ ಹಿಡಿಯಿತು. ಆ ಎಂಟು ನಿಮಿಷ ಅಭಿಲಾಷ್ ಕಿಟಕಿಯಿಂದ ಹೊರಗೆ ನೋಡುತ್ತ ಏನೂ ಮಾತಾಡದೆ ಕೂತದ್ದು ಅವನ ದೊಡ್ಡತನ.

ಸಿಯಾಟಲ್‌ಗೆ ಬಂದ ಮಂಗಳವಾರ ಕವನಾ ಆ ಓಣಿಯನ್ನು ಸರಿ ಮಾಡಿದಳು. ಎರಡು ವರ್ಷದ ತಪ್ಪಿಗೆ ಎರಡು ಕ್ಲಿಕ್ ಸಾಕಾಯಿತು. ಉಳಿದೆರಡು ಓಣಿಯ ಮೆಟ್ಟಿಲನ್ನೂ ಸೇರಿಸಿದಳು. ಅನ್ಸೆಲ್ಮೊನನ್ನು ಕಾಟ ಕೊಡುವವರ ಪಟ್ಟಿಯಿಂದ ತೆಗೆದಳು. ಸನ್ಯಾಸಿನಿಯರ ಪೆಟ್ಟಿಗೆಗೆ ಗುರುತು ಹಾಕಲು ನೋಡಿದಳು, ಅದಕ್ಕೆ ಪಟ್ಟಿಯಲ್ಲಿ ಹೊಂದುವ ವರ್ಗವೇ ಇರಲಿಲ್ಲ. ಅಂದಿನಿಂದ ಎಲ್ಲರ ಫೋನೂ ಜನರನ್ನು, ಅವಳೇ ಓಡೋ ಮೆಟ್ಟಿಲು ಅಂದಿದ್ದ ಎಸ್ಕಲೇಟರ್ ಕಡೆಗೆ ಕಳಿಸತೊಡಗಿತು. ದರ್ಜಿ ಓಣಿಯಲ್ಲಿ ದಿನಕ್ಕೆ ಮುನ್ನೂರ ಹನ್ನೆರಡು ಜನ ನಡೆಯುತ್ತಿದ್ದದ್ದು, ಹತ್ತು ದಿನದಲ್ಲಿ ಒಂಬತ್ತಕ್ಕೆ ಇಳಿಯಿತು. ಮೀಟಿಂಗಿನಲ್ಲಿ ಅವಳ ಮೇಲಿನವರು ಆ ಇಳಿಯುವ ಗೆರೆಯನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸಿ, ಸ್ವಂತ ರಜೆಯಲ್ಲಿ ಹೋಗಿ ಸ್ಥಳ ಪರೀಕ್ಷೆ ಮಾಡಿಬಂದ ಕವನಾಳನ್ನು ನೋಡಿ ಕಲಿಯಿರಿ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಲಿಸ್ಬನ್ನಿಗೆ ಇಂಥದೇ ಪರೀಕ್ಷೆಗೆ ತಂಡದ ಇಬ್ಬರು ಹುಡುಗಿಯರನ್ನು ಕಳಿಸುವುದೆಂದು ಆಯಿತು. ಅನುಭವ ಇರುವವಳು ಅಂತ ಕವನಾಳನ್ನು ಆಫೀಸಿನಲ್ಲೇ ಉಳಿಸಿಕೊಂಡರು.

ಜೂನ್ ಕೊನೆಗೆ ಅನ್ಸೆಲ್ಮೊನಿಂದ ಹದಿನೈದನೇ ಪತ್ರ ಬಂತು, ಅದೇ ದೂರಿನ ಅರ್ಜಿಯಲ್ಲಿ. ಓಣಿ ಈಗ ಬಹಳ ಶಾಂತವಾಗಿದೆ, ಧನ್ಯವಾದ. ಗುಬ್ಬಿಗಳ ಸದ್ದೂ ಕೇಳುತ್ತದೆ. ವಿಸೆಂತಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಿಮ್ಮ ಅತ್ತೆಯವರ ಮಂಡಿ ಹೇಗಿದೆ? ತೊಲೆದೊದಲ್ಲಿ ಬೇರೆ ಯಾವುದಾದರೂ ತಪ್ಪಿದ್ದರೆ ತಿಳಿಸಿ, ಅಳೆದು ಕೊಡುತ್ತೇನೆ, ನನಗೀಗ ಸಮಯವಿದೆ.

ಅದನ್ನು ಯಾವ ವರ್ಗಕ್ಕೆ ಸೇರಿಸಿ ಮುಚ್ಚಬೇಕೋ ತಿಳಿಯದೆ ಕವನಾ ಹಾಗೇ ಬಿಟ್ಟಳು.

ಆ ಭಾನುವಾರ ಈಸ್ಟ್‌ಗೇಟ್‌ನಲ್ಲಿ ಅನಸೂಯಮ್ಮ ಅನ್ನುವ ಪರಿಚಯದವರ ಮನೆಯಲ್ಲಿ ಊಟ. ದೇವೀರಮ್ಮ ಅಲ್ಲಿ ಹತ್ತು ಹೆಂಗಸರನ್ನು ಕೂರಿಸಿಕೊಂಡು ತೊಲೆದೊ ಊರನ್ನು ಒಂದು ಗಂಟೆ ವರ್ಣಿಸಿದರು. ಅವರು ನೋಡಿದ್ದು ಹದಿನೈದು ಅಡಿ ಓಣಿ. ಕೆಥೆಡ್ರಲ್ ನೋಡಿಬಂದಿದ್ದ ಒಬ್ಬಾಕೆ ಕೊನೆಗೆ, ನಾವು ಅಷ್ಟು ಚೆನ್ನಾಗಿ ನೋಡಲೇ ಇಲ್ಲ ಅಂದಳು. ವಾಪಸ್ ಬರುತ್ತ ಕಾರಿನಲ್ಲಿ ದೇವೀರಮ್ಮ ಕೇಳಿದರು.

“ಆ ಯಜಮಾನ್ರ ಮನೆ ತವ ಈಗ್ಲೂ ಜನ ಬತ್ತರಾ, ಕವನ?”

“ಇಲ್ಲ ಅತ್ತೆ. ನಾನು ಸರಿ ಮಾಡಿದೆ. ಈಗ ಯಾರೂ ಆ ಕಡೆ ಹೋಗಲ್ಲ.”

“ಅಯ್ಯೋ. ಅವ್ರು ಹಂಗೆ ಕೇಳ್ಕಂಡಿದ್ರಾ?”

“ಹದಿನಾಲ್ಕು ಸಲ.”

“ಕೇಳ್ಕಂಡ್ರು ಅಂತ ಎಲ್ಲಾನೂ ಕೊಟ್ಬುಡದಾ?” ಅಂದು ದೇವೀರಮ್ಮ ಕಣ್ಣು ಮುಚ್ಚಿಕೊಂಡರು. ಕವನಾಳಿಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಮಾತ್ರ ತಿಳಿಯಲಿಲ್ಲ.

ಜುಲೈನಲ್ಲಿ ದೇವೀರಮ್ಮ ಮದ್ದೂರಿಗೆ ಹೊರಟುಹೋದರು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಕವನಾಳ ಪರದೆಯ ಮೇಲೆ ಹೊಸ ದೂರು ಬಂದು ನಿಂತಿತು. ಈಗ ಅವಳು ಮೊದಲ ಸಾಲಿಗೆ ನಿಲ್ಲಿಸುತ್ತಿರಲಿಲ್ಲ, ಪೂರ್ತಿ ತೆರೆದು ಓದುತ್ತಿದ್ದಳು. ಯಾರೋ ಪ್ರವಾಸಿಗಳು ಬರೆದದ್ದು. ನಿಮ್ಮ ಮ್ಯಾಪು ಸರಿಯಾದ ದಾರಿಯನ್ನೇ ತೋರಿಸಿತು. ಆದರೆ ಕಲ್ಲಿನ ಸೇತುವೆಯ ಹತ್ತಿರ ಮರದ ಹಲಗೆಯ ಮೇಲೆ ಯಾರೋ ಬಾಣದ ಗುರುತು ಬಿಡಿಸಿ, ‘ಹಳೇ ಪೇಟೆಗೆ ಅಸಲಿ ದಾರಿ, ನೀರು ಸಿಗುತ್ತದೆ’ ಎಂದು ನಾಲ್ಕು ಭಾಷೆಗಳಲ್ಲಿ ಬರೆದಿದ್ದಾರೆ. ಅದನ್ನು ನಂಬಿ ಹೋದೆವು. ಅರವತ್ತಕ್ಕೂ ಹೆಚ್ಚು ಮೆಟ್ಟಿಲು. ದಯವಿಟ್ಟು ಇದಕ್ಕೆ ಸಂಬಂಧಪಟ್ಟವರಿಗೆ ತಿಳಿಸಿ.

ಕವನಾ ಆ ಓಣಿಯ ಲೆಕ್ಕ ತೆಗೆದು ನೋಡಿದಳು. ಒಂಬತ್ತಿದ್ದದ್ದು ನಲವತ್ತೊಂದಾಗಿತ್ತು. ಇದು ಯಾಕೆ ಏರುತ್ತಿದೆ ಅಂತ ಮೇಲಿನವರು ಎರಡು ಸಲ ಕೇಳಿದರು. ಪರಿಶೀಲಿಸ್ತಾ ಇದೀನಿ ಅಂದಳು.

ಶನಿವಾರ ಮದ್ದೂರಿಗೆ ವಿಡಿಯೋ ಕಾಲ್ ಮಾಡಿದಾಗ ಅದನ್ನು ಕನ್ನಡದಲ್ಲಿ ಓದಿ ಹೇಳಿದಳು. ದೇವೀರಮ್ಮ ಫೋನನ್ನು ಕಿವಿಗೆ ಹಿಡಿದುಕೊಂಡಿದ್ದರಿಂದ ಪರದೆಯ ತುಂಬ ಅವರ ಓಲೆಯೊಂದೇ ಕಾಣುತ್ತಿತ್ತು.

“ಯಾರ್ ಬರ್ದವ್ರಂತೆ ಬೋರ್ಡ್‌ನ?”

“ಅದು ಗೊತ್ತಿಲ್ವಂತೆ ಅತ್ತೆ.”

“ನೀರ್ ಕೊಟ್ರಂತಾ?”

“ಕೊಟ್ರಂತೆ. ಇಬ್ಬರು ಇದ್ರಂತೆ, ಒಬ್ಬ ಅಜ್ಜ, ಒಬ್ಬ ಹೆಂಗಸು.”

“ಸದ್ಯ,” ಅಂದರು ದೇವೀರಮ್ಮ. “ಅಭಿ ಎದ್ನಾ? ಅವನ್ಗೆ ಕೊಡು ವಸಿ.”